ಊಟಕ್ಕೆ ಟಿಕ್ ಹಾಕದವರು

ತಂಗಿಯ ಮದುವೆಯಲ್ಲಿ ಎಷ್ಟು ಜನ ಊಟಕ್ಕೆ ಇರುತ್ತಾರೆಂದು ಮೊದಲೇ ತಿಳಿಯಲು ಒಂದು ಆನ್‌ಲೈನ್ ಫಾರ್ಮ್ ಮಾಡಿಕೊಡು ಎಂದು ಅಪ್ಪ ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ಅದು ನನ್ನ ಹೊಟ್ಟೆಪಾಡು. ಹೊಸಪೇಟೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು ಹಂಪಿಯ ಹೋಂಸ್ಟೇಗಳಿಗೆ, ಸಂಡೂರಿನ ಲಾರಿ ಆಫೀಸಿಗೆ, ಕಂಪ್ಲಿಯ ಅಕ್ಕಿ ಗಿರಣಿಗೆ ವೆಬ್ ಫಾರ್ಮ್ ಬರೆದುಕೊಡುವವಳು ನಾನು. ಜನ ಫೋನಿನಲ್ಲಿ ತುಂಬಿ ಕಳಿಸಿದ್ದು ಸರ್ವರಿಗೆ ಬಂದು ಬಿದ್ದಮೇಲೆ ಅದನ್ನು ಎತ್ತಿಕೊಂಡು, ಸರಿಯೋ ತಪ್ಪೋ ನೋಡಿ, ಜಾಗಕ್ಕೆ ಸೇರಿಸುವ ಕೋಡ್ ನನ್ನದು. ಹಂಪಿಗೆ ಬರುವ ಪರದೇಶದವರು ಬೆಳಗಿನ ಉಪ್ಪಿಟ್ಟು ಬೇಕಿದ್ದರೆ ಟಿಕ್ ಹಾಕುತ್ತಾರೆ, ಬೇಡವಾದರೆ ಬಿಡುತ್ತಾರೆ. ಹಾಕಿದವರಿಗೆ ಉಪ್ಪಿಟ್ಟು ಸಿಗುತ್ತದೆ, ಹಾಕದವರಿಗೆ ಇಲ್ಲ. ಯಾರೂ ಜಗಳಕ್ಕೆ ಬರುವುದಿಲ್ಲ. ನಮ್ಮ ನೆಂಟರೂ ಹಾಗೇ ಇರುತ್ತಾರೆಂದು ನಾನು ನಂಬಿದ್ದೆ.

ಅಪ್ಪ ಅಷ್ಟಕ್ಕೆ ಬಿಡಲಿಲ್ಲ. ಮಹಡಿ ಮೆಟ್ಟಿಲ ಹತ್ತಿರ ನಿಂತು ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದ: "ಅದ್ರಾಗ ನಿಮ್ ದೊಡ್ಡಪ್ಪನ ಹೆಸರು ಬರ್ಬೇಕು ನೋಡು. ಮದ್ವಿಗಿ ಬರ್ತಾನ ಅಂತಲ್ಲ. ಬರೂದು ಬಂದs ಬರ್ತಾನ. ಉಣ್ತಾನ ಅಂತ ಬರ್ಬೇಕು."

ದೊಡ್ಡಪ್ಪ ಅಂದರೆ ಅಪ್ಪನ ಒಬ್ಬನೇ ಅಣ್ಣ, ಎಮ್ಮಿಗನೂರಿನಲ್ಲಿ ಭತ್ತ ಬೆಳೆಯುವವನು. ನಾನು ಇನ್ನೂ ಶಾಲೆಗೆ ಹೋಗುವಾಗ ನಮ್ಮ ಮನೆಯ ಗೃಹಪ್ರವೇಶ ಆಯಿತು. ದೊಡ್ಡಪ್ಪ ತನ್ನ ಹೊಲದ ಹೊಸ ಅಕ್ಕಿ ಹೊತ್ತುಕೊಂಡು ಮೊದಲ ಬಸ್ಸಿಗೆ ಬಂದಿದ್ದ. ಮಧ್ಯಾಹ್ನ ಅಪ್ಪ ಅವನನ್ನು ಕೇಳಿದ, "ಅಣ್ಣಾ, ಊಟ ಮಾಡ್ತಿಯೇನು?" ದೊಡ್ಡಪ್ಪ ಎಲ್ಲರೂ ಹೇಳುವುದನ್ನೇ ಹೇಳಿದ: "ಬ್ಯಾಡ ತಮ್ಮಾ, ಈಗs ಉಂಡು ಬಂದೀನಿ." ಅಪ್ಪ "ಸರಿ" ಎಂದು ನೀರಿನ ಟ್ಯಾಂಕು ತುಂಬಿತೋ ಇಲ್ಲವೋ ನೋಡಲು ಮೇಲೆ ಹೋದ.

ಅಷ್ಟೇ ನಡೆದದ್ದು. ದೊಡ್ಡಪ್ಪ ಸ್ವಲ್ಪ ಹೊತ್ತು ಕಾದ. ಮತ್ತೆ ಯಾರೂ ಕರೆಯಲಿಲ್ಲ. ಮನೆಯ ಯಜಮಾನನೇ ವಿಚಾರಿಸಿದ್ದಾನೆಂದು ಉಳಿದವರು ಸುಮ್ಮನಿದ್ದರು. ಹಸಿದುಕೊಂಡೇ ಬಸ್‌ಸ್ಟ್ಯಾಂಡಿಗೆ ನಡೆದು ಅಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದ. ಅದನ್ನು ಊರಿನವರೊಬ್ಬರು ನೋಡಿದರು. ತಮ್ಮನ ಗೃಹಪ್ರವೇಶಕ್ಕೆ ಹೋದವನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಿರ್ಚಿ ತಿನ್ನುತ್ತಿದ್ದ ಎಂಬ ಸುದ್ದಿ ಅವನಿಗಿಂತ ಮೊದಲೇ ಎಮ್ಮಿಗನೂರು ಮುಟ್ಟಿತು. ಅಂದಿನಿಂದ ದೊಡ್ಡಪ್ಪ ನಮ್ಮ ಮನೆಯ ಯಾವ ಕಾರ್ಯವನ್ನೂ ತಪ್ಪಿಸಿಲ್ಲ, ನಮ್ಮ ಮನೆಯಲ್ಲಿ ಒಂದು ಅಗುಳನ್ನೂ ಮುಟ್ಟಿಲ್ಲ. ನೀರು ಕೂಡ ಊರಿನಿಂದಲೇ ಬಾಟಲಿಯಲ್ಲಿ ತರುತ್ತಾನೆ. ನಮ್ಮ ಪಡಸಾಲೆಯ ನಡುಮಧ್ಯೆ ಕೂತು, ಎಲ್ಲರಿಗೂ ಕಾಣುವ ಹಾಗೆ ಬಾಟಲಿ ಎತ್ತಿ ಕುಡಿದು, ಮುಚ್ಚಳ ಬಿಗಿದು ಎದ್ದು ಹೋಗುತ್ತಾನೆ.

ಅಪ್ಪ ಮನೆ ಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸದಲ್ಲಿದ್ದು ನಿವೃತ್ತನಾದವನು. ಮೀಟರ್ ಏನು ತೋರಿಸುತ್ತದೋ ಅದನ್ನು ಬರೆಯಬೇಕು, ಅದರ ಮನಸ್ಸಿನಲ್ಲಿ ಏನಿದೆ ಎಂದು ಕೇಳಬಾರದು. ಮನುಷ್ಯರನ್ನೂ ಅವನು ಹಾಗೇ ಓದಿದ. "ನಾ ಕೇಳಿದೆ, ಅವ ಬ್ಯಾಡಂದ. ಇದ್ರಾಗ ನಂದೇನು ತಪ್ಪೈತಿ?" ಎಂದು ಇಪ್ಪತ್ತು ವರ್ಷದ ಹತ್ತಿರ ಕೇಳುತ್ತಲೇ ಬಂದಿದ್ದ. ಕೇಳುವಾಗ ಮಾತ್ರ ಪ್ರತಿ ಸಲ ಅವನ ಮುಖ ಸಪ್ಪಗಾಗುತ್ತಿತ್ತು.

ನನ್ನ ಮೊದಲ ಫಾರ್ಮಿನಲ್ಲಿ ಹೆಸರು, ಊರು, ಮನೆಯವರು ಎಷ್ಟು ಜನ ಎಂಬುದು ಇತ್ತು. ಅದರ ಕೆಳಗೆ ಎರಡು ಚೆಕ್‌ಬಾಕ್ಸ್: 'ಮದುವೆಗೆ ಬರುತ್ತೇವೆ', 'ಊಟಕ್ಕೆ ಇರುತ್ತೇವೆ'. ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ್ದೇ ತಡ, ಉತ್ತರಗಳು ದಬದಬ ಬಂದು ಬಿದ್ದವು. ಎಲ್ಲರೂ ಮದುವೆಗೆ ಬರುತ್ತಾರೆ. ಒಬ್ಬರೂ ಊಟಕ್ಕೆ ಇರುವುದಿಲ್ಲ.

ಕೋಡ್ ಕೆಟ್ಟಿದೆ ಎಂದುಕೊಂಡು ಅರ್ಧ ದಿನ ತಲೆ ಕೆಡಿಸಿಕೊಂಡೆ. ಕೋಡ್ ಚೆನ್ನಾಗಿಯೇ ಇತ್ತು. ಮರಿಯಮ್ಮನಹಳ್ಳಿಯಲ್ಲಿರುವ ಸೋದರತ್ತೆಗೆ ಫೋನ್ ಹಚ್ಚಿದೆ.

"ಅತ್ತಿ, ಊಟಕ್ಕ ಯಾಕ ಟಿಕ್ ಹಾಕಿಲ್ಲ?"

"ನನ್ನ ಕೈಯಾರ ನಾನs ಹಾಕ್ಲೇನು? ಊಟ ಹಾಕ್ರೀ ಅಂತ ಬೇಡಿಕೊಂಡಂಗ ಆಗಂಗಿಲ್ಲೇನು? ಒಂದು ಮಾನ ಮರ್ಯಾದಿ ಬ್ಯಾಡೇನು?"

"ಮತ್ತ ಉಣ್ಣಂಗಿಲ್ಲೇನು ನೀನು?"

"ಅಯ್ಯ, ಅಣ್ಣನ ಮಗಳ ಮದ್ವ್ಯಾಗ ಉಣ್ಣದs ಬರ್ತೀನೇನು? ಎಂಥಾ ಮಾತಾಡ್ತಿಯ!"

ಇಷ್ಟರಲ್ಲಿ ಕೆಳಗೆ ಅಪ್ಪ ನನ್ನ ಮೊದಲ ಲೆಕ್ಕವನ್ನು ನಂಬಿ ಅಡುಗೆಯವರಿಗೆ ಫೋನ್ ಮಾಡಿಬಿಟ್ಟಿದ್ದ. ಬರುವವರೆಲ್ಲ ಬರುತ್ತಾರೆ, ಯಾರೂ ಉಣ್ಣುವುದಿಲ್ಲ, ಗಂಡಿನ ಕಡೆಯವರಿಗಷ್ಟೇ ಮಾಡಿದರೆ ಸಾಕು ಎಂದು ಹೇಳಿದ್ದ. ಅಡುಗೆಯವರು ಗಾಬರಿಯಾಗಿ, "ಯಜಮಾನ್ರ, ಅವತ್ತು ಏನರ ಗ್ರಹಣ ಐತೇನ್ರಿ?" ಎಂದು ಕೇಳಿದರಂತೆ. ಅವ್ವ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದು ಅಪ್ಪನ ಕೈಯಿಂದ ಫೋನ್ ಕಿತ್ತುಕೊಂಡಳು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಸಿಟ್ಟು ಹೆಚ್ಚಾಗಿ ನನ್ನ ಮೇಲೇ.

ಇಲ್ಲಿ ಚೆಕ್‌ಬಾಕ್ಸಿನ ಒಂದು ಗುಣ ಹೇಳಬೇಕು. ಟಿಕ್ ಹಾಕಿದರೆ ಮಾತ್ರ ಅದು ಸರ್ವರಿಗೆ ಸುದ್ದಿ ಕಳಿಸುತ್ತದೆ. ಹಾಕದಿದ್ದರೆ 'ಬೇಡ' ಎಂದು ಕಳಿಸುವುದಿಲ್ಲ, ಏನೂ ಕಳಿಸುವುದಿಲ್ಲ. ಆ ಚೌಕ ಅಲ್ಲಿತ್ತು ಎಂಬುದೇ ಸರ್ವರಿಗೆ ಗೊತ್ತಾಗುವುದಿಲ್ಲ. ಬೇಡ ಎಂದವರು, ಮರೆತವರು, ನಾಚಿಕೊಂಡವರು, ಸಿಟ್ಟಾದವರು ಎಲ್ಲರೂ ಅಲ್ಲಿ ಒಂದೇ ಥರ ಕಾಣುತ್ತಾರೆ, ಅಂದರೆ ಕಾಣುವುದೇ ಇಲ್ಲ. ಈ ಕೆಲಸಕ್ಕೆ ಇಳಿದವರೆಲ್ಲ ಇದರಲ್ಲಿ ಒಮ್ಮೆ ಎಡವುತ್ತಾರೆ. ನಾನು ಎಡವಿ ಎದ್ದು ಬಹಳ ಕಾಲವಾಗಿತ್ತು. ಹಾಗಾಗಿ ಬುದ್ಧಿವಂತಿಕೆ ತೋರಿಸಲು ಹೋದೆ.

ಪ್ರಶ್ನೆಯನ್ನೇ ತಿರುಗಿಸಿದೆ. 'ಊಟಕ್ಕೆ ಇರುವುದಿಲ್ಲ' ಎಂದು ಒಂದೇ ಚೌಕ. ಉಣ್ಣುವವರು ಏನೂ ಮುಟ್ಟಬೇಕಾಗಿಲ್ಲ, ಮಾನಕ್ಕೆ ಧಕ್ಕೆಯಿಲ್ಲ. ಗುಂಪಿನಲ್ಲಿರುವ ಯಾರಿಂದಲಾದರೂ ಏನೂ ಬರದಿದ್ದರೆ ಅವರು ಊಟಕ್ಕೆ ಇದ್ದಾರೆ ಎಂದು ಕೋಡ್ ತಿಳಿದುಕೊಳ್ಳುತ್ತದೆ. ಕಂಪ್ಯೂಟರಿನ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಚೊಕ್ಕವಾದದ್ದು ಇನ್ನೊಂದಿಲ್ಲ.

ಸಂಜೆಯೊಳಗೆ ಊರೆಲ್ಲ ಹತ್ತಿ ಉರಿಯಿತು. "ನಿಮ್ಮನಿ ಅನ್ನ ನಮಗ ಬ್ಯಾಡ ಅಂತ ನಮ್ ಕಡಿಂದs ಬರಿಸ್ಕೊಳ್ಳಾಕ ಹೊಂಟಿಯೇನು? ಮದ್ವಿ ಮನ್ಯಾಗ ಇಲ್ಲ ಅನ್ನೋ ಮಾತು ಆಡ್ತಾರೇನು?" ಎಂದು ಅತ್ತೆ ಕೂಗಿದಳು. ಕುರೆಕುಪ್ಪದ ಕಡೆಯ ನೆಂಟರು, ಬೀಗರ ಜೊತೆ ಏನಾದರೂ ಮನಸ್ತಾಪವಾಯಿತೇ ಎಂದು ಒಬ್ಬರನ್ನು ಬೈಕಿನಲ್ಲಿ ಕಳಿಸಿಯೇಬಿಟ್ಟರು. ಆ ಪುಣ್ಯಾತ್ಮ ಬಂದು ನಮ್ಮ ಪಡಸಾಲೆಯಲ್ಲಿ ಕೂತು, ಎಲ್ಲ ಸರಿಯಾಗಿದೆ ಎಂದು ನಾವು ಎಷ್ಟು ಹೇಳಿದರೂ ನಂಬದೆ, ಚಹಾ ಬೇಡ ಬೇಡ ಎನ್ನುತ್ತಲೇ ಎರಡು ಲೋಟ ಕುಡಿದು ಹೋದ. ಇತ್ತ ಫಾರ್ಮನ್ನು ತೆರೆದೇ ನೋಡದವರು, ಗುಂಪಿನಲ್ಲಿ ಯಾವ ಕಾಲದಿಂದಲೋ ಸಿಕ್ಕಿಹಾಕಿಕೊಂಡಿದ್ದ ಗ್ಯಾಸ್ ಏಜೆನ್ಸಿಯ ನಂಬರ್, ಎಲ್ಲರೂ ಏನೂ ಕಳಿಸದ ಕಾರಣಕ್ಕೆ ಊಟಕ್ಕೆ ಇರುವವರ ಪಟ್ಟಿಗೆ ಸೇರಿದ್ದರು. ಅಪ್ಪ ಅದನ್ನೂ ನಂಬಿದ. ಅಡುಗೆಯವರಿಗೆ ಮತ್ತೆ ಫೋನ್ ಮಾಡಿ ಇನ್ನೊಂದು ಒಲೆ ಹೂಡಲು ಹೇಳಿದ. ಅವರು, "ನಿಮ್ಮ ಮನಿ ಹೆಣ್ಣುಮಕ್ಕಳ ಕೈಯಾಗ ಫೋನ್ ಕೊಡ್ರಿ" ಎಂದರು.

ಆ ಗದ್ದಲದಲ್ಲೂ ಅಪ್ಪ ಕೇಳಿದ್ದು ಒಂದೇ. "ಅಣ್ಣಂದೇನು ಬಂತು?"

"ಎರಡೂ ಫಾರ್ಮಿಗೂ ಏನೂ ಬಂದಿಲ್ಲಪ್ಪ."

"ಅಂದ್ರ ಬ್ಯಾಡ ಅಂದಾನ."

"ಅಲ್ಲಪ್ಪ. ಏನೂ ಅಂದಿಲ್ಲ. ಬ್ಯಾಡಂತ ಸುಮ್ನಿದ್ರೂ ಹಿಂಗs ಇರ್ತೈತಿ, ನಾವು ಕೇಳಿದ್ದು ಅವಂಗ ಮುಟ್ಟೇ ಇಲ್ಲಂದ್ರೂ ಹಿಂಗs ಇರ್ತೈತಿ."

ಅಪ್ಪ ಇದನ್ನು ಯೋಚಿಸುತ್ತ ಕೆಳಗೆ ಇಳಿದ.

ಮೂರನೆಯ ಫಾರ್ಮ್ ಬರೆಸಿದ್ದು ಅವ್ವ. ಅವಳಿಗೆ ಕಂಪ್ಯೂಟರ್ ಬರುವುದಿಲ್ಲ, ಉಪಚಾರ ಬರುತ್ತದೆ. "ಮೊದ್ಲು ಬ್ಯಾಡ ಅಂತಾರ. ಅದು ಲೆಕ್ಕಕ್ಕಿಲ್ಲ. ನಾವು 'ಹಂಗಂದ್ರ ಹೆಂಗ್ರಿ' ಅನ್ನಬೇಕು. ಆಮ್ಯಾಲೂ ಬ್ಯಾಡ ಅಂತಾರ. 'ಒಂದು ತುತ್ತರ ತಿನ್ರಿ, ನನ್ ಮಾತಿಗೆ' ಅನ್ನಬೇಕು. ಅಷ್ಟಾದಮ್ಯಾಲ ಸುಮ್ನಾದ್ರು ಅಂದ್ರ ಎಲಿ ಹಾಕೋದು." ನಾನು ಇದನ್ನೇ ಕೋಡಿಗೆ ಇಳಿಸಿದೆ. ಫಾರ್ಮಿನ ಒಳಗೆ ಕಣ್ಣಿಗೆ ಕಾಣದ ಹಾಗೆ ಒಂದು ಗುಟ್ಟಿನ ಖಾನೆ ಇಟ್ಟೆ. ನಾವು ಕೇಳಿದ್ದೇವೆ ಎಂಬುದನ್ನು ಸರ್ವರಿಗೆ ತಿಳಿಸುವುದಷ್ಟೇ ಅದರ ಕೆಲಸ. ಕೇಳಿದ್ದೂ ಹೌದು, ಟಿಕ್ಕೂ ಬಂದಿಲ್ಲ ಎಂದಾದರೆ ಸರ್ವರ್ 'ಹಂಗಂದ್ರ ಹೆಂಗ್ರಿ?' ಎಂಬ ಪುಟ ತೋರಿಸುತ್ತಿತ್ತು. ಮತ್ತೆ ಬರದಿದ್ದರೆ 'ಒಂದು ತುತ್ತರ ತಿನ್ರಿ'. ಅದಕ್ಕೂ ಬರದಿದ್ದರೆ 'ನೀವು ಉಣ್ಣದs ಹೋದ್ರ ನಮಗ ಸಮಾಧಾನ ಇಲ್ರಿ' ಎಂದು ಹೇಳಿ, ಹೌದು ಎಂದು ಬರೆದುಕೊಂಡುಬಿಡುತ್ತಿತ್ತು. ಇಂಥ ಕೋಡನ್ನು ಜಗತ್ತಿನಲ್ಲಿ ಇನ್ಯಾರೂ ಬರೆದಿರಲಾರರು. ಬರೆದಿದ್ದರೆ ಅವರ ಅವ್ವನೂ ನಮ್ಮ ಕಡೆಯವಳೇ ಇರಬೇಕು.

ಜನ ಕುಣಿದಾಡಿಬಿಟ್ಟರು. ಮರಿಯಮ್ಮನಹಳ್ಳಿಯಲ್ಲಿ ಅತ್ತೆಯ ಓಣಿಯವರೆಲ್ಲ ಅವಳ ಫೋನಿನ ಸುತ್ತ ಕೂತು ಬೇಡ ಬೇಡ ಎಂದು ಆಡಿದರಂತೆ. ಮದುವೆಗೆ ಕರೆಯದವರೂ ಬಂದು ಉಪಚಾರ ಮಾಡಿಸಿಕೊಂಡು ಹೋದರಂತೆ. ಎಷ್ಟು ಮರ್ಯಾದೆಯಿಂದ ಮಾತಾಡುತ್ತದೆ, ನಮ್ಮ ಸೊಸೆಗೆ ಇದನ್ನು ಕಲಿಸಬೇಕು ಎಂದು ಅತ್ತೆ ಮೆಚ್ಚಿಕೊಂಡಳು. ಕರೆಯದವರ ಹೆಸರು ತೆಗೆದಮೇಲೆ ಲೆಕ್ಕವೂ ಸರಿಯಾಗಿ ಸಿಕ್ಕಿತು. ಅಡುಗೆಯವರು ನಿಟ್ಟುಸಿರು ಬಿಟ್ಟರು.

ಬೆಚ್ಚಿದವನು ಅಪ್ಪ ಒಬ್ಬನೇ. ನನ್ನ ಕುರ್ಚಿಯ ಹಿಂದೆ ನಿಂತು ಪರದೆಯನ್ನು ದಿಟ್ಟಿಸುತ್ತಿದ್ದ. "ಇವ್ರೆಲ್ಲಾ ಬ್ಯಾಡ ಅಂದಾರಲ್ಲ. ಹೌದು ಅಂತ ಬರದ್ಯಲ್ಲ. ಸುಳ್ಳಲ್ಲೇನು ಇದು?"

"ಅವ್ರು ಬ್ಯಾಡ ಅಂದಿದ್ದು ಬ್ಯಾಡ ಅಂತಲ್ಲಪ್ಪ. ಎಲ್ಲಾರೂ ಅನ್ನೋದs ಹಂಗ."

"ಎಲ್ಲಾರೂ?"

"ಎಲ್ಲಾರೂ."

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. "ಹಂಗಾರ ಅವತ್ತು ಅಣ್ಣಗ ಹಸಿವಾಗಿತ್ತೇನು?"

ಇಷ್ಟು ವರ್ಷ ಅಣ್ಣ ಸುಮ್ಮಸುಮ್ಮನೆ ಜಗಳ ತೆಗೆದ ಎಂದು ಅಪ್ಪ ತಿಳಿದಿದ್ದ. ಉಂಡು ಬಂದೀನಿ ಎಂದದ್ದನ್ನು ಪೂರ್ತಿ ನಂಬಿ, ಬಸ್‌ಸ್ಟ್ಯಾಂಡಿನ ಮಿರ್ಚಿಯನ್ನು ಬಾಯಿಚಪಲ ಎಂದುಕೊಂಡಿದ್ದ. ಅಣ್ಣ ಅಂದು ಹಸಿದು ಕೂತಿದ್ದ ಎಂಬುದು ಅವನಿಗೆ ಹೊಳೆದದ್ದು ಈ ಮೂರನೆಯ ಫಾರ್ಮಿನ ಮುಂದೆ. ಅಪ್ಪನನ್ನು ಬೈದುಕೊಂಡೇ ಬೆಳೆದ ನನಗೆ ಆಗ ಅವನ ಮೇಲೆ ತುಂಬಾ ಕನಿಕರ ಬಂತು.

ಎಮ್ಮಿಗನೂರಿನಿಂದ ಮಾತ್ರ ಏನೂ ಬರಲಿಲ್ಲ. ಸರ್ವರ್ ಕೈಲಿ ಇದು ಆಗುವುದಿಲ್ಲ, ನೀನೇ ಬಾಯಿಬಿಟ್ಟು ಕರೆಯಬೇಕು ಎಂದು ನಾನು ಅಪ್ಪನಿಗೆ ಹೇಳಿದೆ. ಒಪ್ಪಿಕೊಂಡ. ಆದರೆ ಹುಟ್ಟಿದಾಗಿನಿಂದ ಮಾಡದ ಕೆಲಸ, ತಾಲೀಮು ಬೇಕಿತ್ತು. ಅಡುಗೆಮನೆಯಲ್ಲಿ ನಾನು ದೊಡ್ಡಪ್ಪನಾಗಿ ಗೋಡೆಗೆ ಒರಗಿ ಕೂತೆ. ಅವ್ವ ಪಕ್ಕದಲ್ಲಿ ನಿಂತು ಹೇಳಿಕೊಡುವವಳು.

"ಊಟ ಮಾಡು ಬಾ," ಎಂದ ಅಪ್ಪ.

"ಬ್ಯಾಡೋ, ಹೊಟ್ಟಿ ತುಂಬೈತಿ," ಎಂದೆ.

"ಸರಿ," ಎಂದ ಅಪ್ಪ.

ಅವ್ವ ಹಣೆ ಚಚ್ಚಿಕೊಂಡಳು. ಎರಡನೆಯ ಸಲ ಅವನು ತನಿಖೆಗೆ ಬಂದ ಅಧಿಕಾರಿಯ ಹಾಗೆ, "ಯಾಕ ಬ್ಯಾಡ? ಏನು ಉಂಡಿ? ಎಲ್ಲಿ ಉಂಡಿ?" ಎಂದು ಶುರುಮಾಡಿದ. ಇನ್ನೊಂದು ಸಲ ಅವ್ವ ಹೇಳಿಕೊಟ್ಟ ಮಾತನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿ, ನಾನು ಬಾಯಿ ತೆರೆಯುವ ಮೊದಲೇ ಮುಗಿಸಿಬಿಟ್ಟ. ಕೊನೆಗೆ ಸುಸ್ತಾಗಿ ನೆಲದ ಮೇಲೆ ಕೂತ. "ಅವ ಬ್ಯಾಡ ಅಂದಮ್ಯಾಲ ಮತ್ತ ಕೇಳೋದಂದ್ರ ಅವನ ಮಾತು ನಾ ನಂಬಿಲ್ಲ ಅಂದಂಗಾಗಂಗಿಲ್ಲೇನು? ಅಣ್ಣನ ಮಾತು ನಾ ಯಾವತ್ತೂ ನಂಬದs ಇದ್ದಿಲ್ಲ." ಅವ್ವ ಹೇಳಿಕೊಡುವುದನ್ನು ನಿಲ್ಲಿಸಿ ಅವನಿಗೆ ನೀರು ಕೊಟ್ಟಳು.

ಮದುವೆಯ ದಿನ ದೊಡ್ಡಪ್ಪ ಬಂದ. ಬಿಳಿ ಧೋತರ, ತಲೆಗೆ ರುಮಾಲು, ಕೈಚೀಲದಲ್ಲಿ ನೀರಿನ ಬಾಟಲಿ. ಕಲ್ಯಾಣ ಮಂಟಪದ ಕೊನೆಯ ಸಾಲಿನಲ್ಲಿ ಕೂತ. ಅಕ್ಕಿಕಾಳು ಬೀಳುವಾಗ ಎದ್ದು ಬಂದು ನನ್ನ ತಂಗಿಯ ತಲೆಯ ಮೇಲೆ ಹಾಕಿ, ಗಲ್ಲ ಸವರಿ, ನೇರ ಬಾಗಿಲ ಕಡೆ ಹೊರಟ. ನಾನು ಅಪ್ಪನಿಗೆ ಸನ್ನೆ ಮಾಡಿದೆ. ಅಪ್ಪ ವೇದಿಕೆಯಿಂದ ಇಳಿದು ಬೀಗರನ್ನು ಸರಿಸಿಕೊಂಡು ಓಡಿದ, ಅವನ ಹಿಂದೆ ನಾನು. ದೊಡ್ಡಪ್ಪ ಆಗಲೇ ಚಪ್ಪಲಿಗಳ ರಾಶಿಯಲ್ಲಿ ತನ್ನದನ್ನು ಹುಡುಕುತ್ತಿದ್ದ.

"ಅಣ್ಣಾ, ಊಟಕ್ಕ ಬಾ."

"ಬ್ಯಾಡ. ಉಂಡು ಬಂದೀನಿ."

'ಸರಿ' ಎಂಬುದು ಅಪ್ಪನ ನಾಲಿಗೆಯ ತುದಿಗೆ ಬಂದು ನಿಂತದ್ದು ನನಗೆ ಸ್ಪಷ್ಟವಾಗಿ ಕಂಡಿತು. ಅದನ್ನು ನುಂಗಿಕೊಂಡ. "ಇಲ್ಲ, ಬಾ."

"ಉಂಡು ಬಂದೀನಿ ಅಂದೆನಲ್ಲಾ, ಹೊಟ್ಟಿ ತುಂಬೈತಿ."

ಅಪ್ಪ ಅವ್ವ ಹೇಳಿಕೊಟ್ಟದ್ದನ್ನೆಲ್ಲ ಮರೆತಿದ್ದ. ಆಮೇಲೆ ಅವನದೇ ಮಾತು ಹೊರಗೆ ಬಂತು. "ಹಂಗಾರ ನಾನೂ ಉಣ್ಣಂಗಿಲ್ಲ."

ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ಅದಕ್ಕೆ ಬೆಲೆಯಿರುತ್ತಿರಲಿಲ್ಲ. ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ಹೇಳಿ ಒಳಗೆ ಹೋಗಿ ಹೊಟ್ಟೆ ತುಂಬ ಹುಗ್ಗಿ ಉಣ್ಣುತ್ತಾರೆ. ದೊಡ್ಡಪ್ಪ ಮಾತ್ರ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಅಲ್ಲೇ ನಿಂತ. ಅಪ್ಪ ಆಡಿದ್ದನ್ನು ಮಾಡಿಯೇ ತೀರುತ್ತಾನೆಂದು ಅವನಿಗೆ ಗೊತ್ತು, ಎತ್ತಿ ಆಡಿಸಿದವನು ಅವನು. ಚಿಕ್ಕವನಿದ್ದಾಗ ಏನೋ ಸಿಟ್ಟಿಗೆ ಬೇವಿನ ಮರ ಹತ್ತಿ ಇಳಿಯುವುದಿಲ್ಲ ಎಂದು ಕೂತ ತಮ್ಮನನ್ನು ಕತ್ತಲಾದಮೇಲೆ ಮೇಲೆ ಹತ್ತಿ ಹೊತ್ತುಕೊಂಡು ಇಳಿಸಿದವನು ಅವನೇ.

"ಎಲ್ಲೀತನಕ ಉಣ್ಣಂಗಿಲ್ಲ?" ಎಂದು ಕೇಳಿದ.

"ನೀ ಉಣ್ಣೋತನಕ."

"ಮಗಳ ಮದ್ವಿ ಐತಿ ಇವತ್ತು."

"ಗೊತ್ತೈತಿ."

ದೊಡ್ಡಪ್ಪ ನನ್ನ ಕಡೆ ತಿರುಗಿದ. "ಮುಂಜಾನಿಂದ ಏನರ ತಿಂದಾನೇನು ಇವ?"

"ಇಲ್ಲ ದೊಡ್ಡಪ್ಪ. ಧಾರಿ ಆಗೋತನಕ ಉಪಾಸ ಇದ್ದ."

"ಬಿಪಿ ಗುಳಿಗಿ?"

"ಊಟ ಆದಮ್ಯಾಲ ತಗೋಬೇಕು."

ದೊಡ್ಡಪ್ಪ ಆಕಾಶ ನೋಡಿ ಯಾರನ್ನೋ ಬೈದ. ಮೆಟ್ಟಿದ ಚಪ್ಪಲಿ ಒದ್ದು ಬಿಸಾಕಿದ. "ಲೇ, ಸಾಯಬೇಕಂತ ಮಾಡೀಯೇನು? ನಡಿ!" ಎಂದು ಅಪ್ಪನ ರಟ್ಟೆ ಹಿಡಿದು ಊಟದ ಮನೆಗೆ ಎಳೆದುಕೊಂಡು ಹೋದ. ಅಪ್ಪನನ್ನು ಎಲೆಯ ಮುಂದೆ ಕುಳ್ಳಿರಿಸಿದ. ಪಕ್ಕದ ಎಲೆಯನ್ನು ಒಂದು ಕ್ಷಣ ನೋಡಿ, ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ತಾನೂ ಕೂತ. ಬಡಿಸುವವರಿಗೆ ಅವನೇ ಹೇಳತೊಡಗಿದ: "ಇವಂಗ ಮೊದ್ಲು ಅನ್ನ ಹಾಕ್ರಿ. ಪಲ್ಯ ಹಾಕ್ರಿ. ತುಪ್ಪ ಎಲ್ಲೈತ್ರಿ?" ಅಪ್ಪ ತುತ್ತು ಎತ್ತದೆ ಅಣ್ಣನ ಕೈಯನ್ನೇ ನೋಡುತ್ತ ಕೂತಿದ್ದ. ದೊಡ್ಡಪ್ಪ ಗೊಣಗುತ್ತ ಅನ್ನ ಕಲಸಿ ಬಾಯಿಗಿಟ್ಟ. ಆಮೇಲೆ ಅಪ್ಪ ಉಂಡ. ನಾನು ಕಂಬದ ಹಿಂದೆ ನಿಂತು ಹಚ್ಚಿದ ಕಾಡಿಗೆಯೆಲ್ಲ ಕರಗುವಷ್ಟು ಅತ್ತುಬಿಟ್ಟೆ.

ಹುಗ್ಗಿಯ ಬಕೆಟು ಎರಡನೆಯ ಸುತ್ತು ಬಂತು. ಬಡಿಸುವವನು ಅಪ್ಪನ ಎಲೆಯ ಮುಂದೆ ಬಗ್ಗಿದ.

"ಬ್ಯಾಡ್ರಿ, ಸಾಕು," ಎಂದ ಅಪ್ಪ.

ನಮ್ಮ ಕಡೆ ನಿಜವಾಗಿ ಸಾಕಾದವರು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಅಪ್ಪನಂತೂ ಜೀವಮಾನವಿಡೀ ಎರಡೂ ಕೈ ಅಡ್ಡ ಹಿಡಿದವನು. ಈಗ ಅವನ ಕೈ ಅಲುಗಲಿಲ್ಲ. ಬಡಿಸುವವನು ಸೌಟು ಹಿಡಿದುಕೊಂಡು ಅನುಮಾನಿಸಿದ.

"ಹಾಕ್ರಿ, ಹಾಕ್ರಿ," ಎಂದ ದೊಡ್ಡಪ್ಪ, ತನ್ನ ಎಲೆಯಿಂದ ತಲೆಯೆತ್ತದೆ.

"ಬ್ಯಾಡಣ್ಣಾ," ಎಂದ ಅಪ್ಪ. ಎಂದು, ಎಲೆಯನ್ನು ಸ್ವಲ್ಪ ಸೌಟಿನ ಕಡೆಗೆ ಸರಿಸಿದ.